ಲೋಳೆ

ಅತ್ತಾವರದ ಲ್ಯಾಬಿಗೆ ಆ ದಿನ ಬಂದ ಹದಿನೇಳನೆಯ ಡಬ್ಬಿ.
ಫಾರ್ಮಲಿನ್ನಿನಲ್ಲಿ ಮುಳುಗಿ ಕೂತ ಎರಡು ಚೂರು,
ಕುಚ್ಚಲಕ್ಕಿಯ ನುಚ್ಚಿಗಿಂತ ಸಣ್ಣವು.
ಚೀಟಿಯಲ್ಲಿ: ಪದ್ಮಾಕ್ಷ ಮೆಂಡನ್, ಐವತ್ತೆರಡು, ಹೊಟ್ಟೆಯುರಿ.
ತಂದುಕೊಟ್ಟವರೂ ಅವರೇ, ಬೊಕ್ಕಪಟ್ಣದ ತಾಂಡೇಲ.
"ಐಟ್ ದಾದ ತೋಜುಂಡು ಅಕ್ಕಾ?"
ನಾಳೆಯವರೆಗೆ ಏನೂ ಕಾಣದು ಅಂದೆ.

ಮರುದಿನ ಮೇಣದಿಂದ ಕೊಯ್ದ ಎಳೆ
ಬೆಚ್ಚಗಿನ ನೀರ ಮೇಲೆ ತೇಲಿತು,
ನೀರುದೋಸೆಗಿಂತ ನೂರಾರು ಪಟ್ಟು ತೆಳು.
ಗಾಜಿಗೆ ಎತ್ತಿಕೊಂಡೆ, ನೀಲಿ ಹಾಕಿದೆ, ಗುಲಾಬಿ ಹಾಕಿದೆ,
ಕಣ್ಣಿಟ್ಟೆ.

ಬಾವಿಗಳು.
ಒಂದಕ್ಕೊಂದು ಒತ್ತಿಕೊಂಡ, ಕಟ್ಟೆಯಿಲ್ಲದ, ಹಗ್ಗ ಇಳಿಯದ ಬಾವಿಗಳು.
ಬಾಯಲ್ಲಿ ಲೋಳೆ ಸುರಿಸುವ ಕೋಶಗಳ ಸಾಲು.
ಕೊರಳಿಂದ ಕೆಳಗೆ ಗುಲಾಬಿ ಬಣ್ಣದ ದಪ್ಪನೆಯವು,
ನಡುವೆ ಕಣ್ಣಿನ ಹಾಗೆ ಒಂದೊಂದು ಬೀಜ:
ಆಮ್ಲ ಇವುಗಳ ಕೈಕೆಲಸ.
ತಳದಲ್ಲಿ ನೇರಳೆ ಗುಂಪು. ಪೆಪ್ಸಿನ್ನನ್ನು ಕಳಿಸುವುದು ಅಲ್ಲಿಂದ,
ಆದರೆ ಬಾಯಿ ಕಟ್ಟಿ.
ಆಮ್ಲ ಮುಟ್ಟಿದ ಮೇಲೆಯೇ ಅದಕ್ಕೆ ಕಚ್ಚಲು ಬರುವುದು.

ರಾತ್ರಿ ಮೂರಕ್ಕೆ, ದಡ ಕಾಣದಲ್ಲಿ, ಬೋಟಿನ ಸ್ಟೋವಿನ ಮೇಲೆ
ಬಂಗುಡೆ ಎಣ್ಣೆಗೆ ಬಿದ್ದ ಸದ್ದು ಕೇಳಿದರೆ ಸಾಕು,
ಬಟ್ಟಲು ಇನ್ನೂ ಖಾಲಿ, ಇಲ್ಲಿ ಒರತೆ.
ಬಲೆ ಸಿಕ್ಕಿಕೊಂಡು ಊಟ ತಪ್ಪಿದ ರಾತ್ರಿಗಳಲ್ಲೂ ಒರತೆ.
ಮೀನಮುಳ್ಳು ಮೆತ್ತಗಾಗುವ ಹುಳಿ.
ಪುನರ್ಪುಳಿ ಇದರ ಮುಂದೆ ಎಳನೀರು.

ಇಂಥದ್ದನ್ನು ತುಂಬಿಕೊಂಡ ಚೀಲ ತಾನೇ ಯಾಕೆ ಕರಗುವುದಿಲ್ಲ?
ಪರೀಕ್ಷೆಯಲ್ಲಿ ಬಂದಿತ್ತು. ಬರೆದು ಐದು ಅಂಕ ಪಡೆದಿದ್ದೆ.
ಅರ್ಥವಾದದ್ದು ಮಾತ್ರ ಅಮ್ಮನ ಕೈಯಿಂದ:
ದಕ್ಕೆಯಲ್ಲಿ ಮೀನು ವಿಂಗಡಿಸಿ ಬಂದವಳ ಬೆರಳಲ್ಲಿ
ಬೂದಿ ಹಾಕಿ ಉಜ್ಜಿದರೂ ಹೋಗದ ಜಾರು.
"ಕೊಳೆಯಲ್ಲ ಅದು, ಮೀನು ಉಟ್ಟ ಸೀರೆ.
ಹರಿದರೆ ಅದಕ್ಕೆ ಕಡಲೇ ವಿಷ."

ತಾಂಡೇಲರ ಸೀರೆ ಅಲ್ಲಲ್ಲಿ ಹರಿದಿದೆ.
ಬಾವಿಯ ಬಾಯಲ್ಲಿ ಬಾಗಿದ ಪುಟ್ಟ ಕಡ್ಡಿಗಳು,
ಲೋಳೆಯೊಳಗೇ ಬಿಡಾರ ಹೂಡಿದವು.
ವರದಿ ಬರೆಯುವುದು ನನ್ನ ಕೆಲಸವಲ್ಲ.
ಗಾಜನ್ನು ಡಾಕ್ಟರ ಟ್ರೇಯಲ್ಲಿಟ್ಟೆ.

ಮುಂದಿನ ವಾರ ಬಂದು ಕಿಟಕಿಯ ಹತ್ತಿರ ನಿಂತರು.
ಹೇಳುವ ಹಾಗಿಲ್ಲ, ಹೇಳಲಿಲ್ಲ. ಇಷ್ಟೇ ಅಂದೆ:
ಹೊಟ್ಟೆಯ ಮೇಲುಪದರ ವಾರದೊಳಗೆ ಉದುರಿ ಹೊಸತು ಬರುತ್ತದೆ,
ನಾನು ಅವತ್ತು ನೋಡಿದ್ದು ಈಗ ನಿಮ್ಮೊಳಗೆ ಇಲ್ಲ.
ಅವರು ನಕ್ಕರು.
"ಹಾಗಾದರೆ ಉರಿಯುತ್ತಿರುವುದು ಯಾರದ್ದು?"

ಉತ್ತರ ಹುಡುಕುವಷ್ಟರಲ್ಲಿ ಕೆಳಗಿನ ಕ್ಯಾಂಟೀನಿನಿಂದ
ಬೆಳ್ಳುಳ್ಳಿ ಒಗ್ಗರಣೆ ಮೆಟ್ಟಿಲು ಹತ್ತಿ ಬಂತು.
ಇಬ್ಬರೂ ಒಟ್ಟಿಗೆ ಉಗುಳು ನುಂಗಿದೆವು.