ಚುಕಾವೊ ಕೂಗಿದ ಕಡೆ

ಬಲಕ್ಕೆ ಕೂಗಿದರೆ ಒಳ್ಳೆಯದು. ಎಡಕ್ಕಾದರೆ
ಇಟ್ಟ ಹೆಜ್ಜೆ ಹಿಂದೆ ತೆಗೆಯಬೇಕು.
ಅಪ್ಪನಿಗೆ ಅಷ್ಟು ಪುರುಸೊತ್ತೆಲ್ಲಿ?
ಎಡಕ್ಕೆ ಕೂಗಿದ ದಿನ, ಬೆನ್ನ ಹೊರೆಯ ಸಮೇತ
ಗಿರ್ರನೆ ತಿರುಗಿ ನಿಲ್ಲುತ್ತಿದ್ದ:
‘ನೋಡು, ಈಗ ಬಲಕ್ಕಾಯಿತು.’
ಆಮೇಲೆ ಮತ್ತೆ ಇಳಿಜಾರಿಗೇ ಮುಖ.

ಹಕ್ಕಿ ಮುಷ್ಟಿಯಷ್ಟು. ಎದೆಗೆ ಹಂಚಿನ ಕೆಂಪು.
ಬಿದಿರುಮೆಳೆಯೊಳಗೆ ಕೂತು
ಗಂಟಲನ್ನಷ್ಟೇ ಹೊರಗೆ ಕಳಿಸುತ್ತದೆ.

ಪೆಲಾದಾ ಬೆಟ್ಟಸಾಲಿನಲ್ಲಿ ನಮ್ಮದು ಸತ್ತ ಮರದ ಕಸುಬು.
ಹಸಿ ಅಲೆರ್ಸೆಗೆ ಕೊಡಲಿ ಇಟ್ಟರೆ ಜೈಲು;
ಮುತ್ತಜ್ಜನ ಕಾಲದ ಬೆಂಕಿಗೆ ಸತ್ತವು
ಬೂದಿಬಣ್ಣದಲ್ಲಿ ಇನ್ನೂ ನಿಂತೇ ಇವೆ.
ನೂರು ವರ್ಷ ಮಳೆಯಲ್ಲಿ ನೆನೆದರೂ ಒಳಗೆ
ನಿನ್ನೆ ಸೀಳಿದಂಥ ಕೆಂಪು, ಘಮ.
ಗರಗಸ ಬೇಡ. ನಾರಿನ ಗುಂಟ ಬೆಣೆ ಹೊಡೆದರೆ
ತಾನೇ ಬಿಡಿಸಿಕೊಳ್ಳುತ್ತದೆ,
ಮಾಡಿಗೆ ಹೊದಿಸುವ ಹಲಗೆ, ಒಂದೊಂದೂ ಮೊಳದುದ್ದ.

ಅಪ್ಪ ಸೀಳುವಾಗ ನಾನು ಬುಡದ ಮೇಲೆ ಕೂತು
ಅಮ್ಮನ ಹೇರ್‌ಪಿನ್ನಿನಿಂದ ವರ್ಷ ಎಣಿಸುತ್ತಿದ್ದೆ.
ಉಗುರಗಲದಲ್ಲಿ ಹದಿನೆಂಟು ಉಂಗುರ.
ಆರುನೂರ ಹನ್ನೊಂದಕ್ಕೆ ಚುಕಾವೊ ಕೂಗಿತು,
ಲೆಕ್ಕ ತಪ್ಪಿತು.
ಪಿನ್ನು ಇನ್ನೂ ಎರಡು ಗೇಣು ದಾಟಿರಲಿಲ್ಲ,
ತಿರುಳಿಗೆ ಇನ್ನೂ ಅಷ್ಟೇ ದೂರ.

ಒಂದು ಜುಲೈ, ಬೆಣೆ ಇಳಿದ ಟೊಳ್ಳಿನಲ್ಲಿ
ಪಾಚಿಯ ಉಂಡೆ. ಒಳಗೆ ಮೊನಿತೊ:
ಇಲಿಯಷ್ಟು ಜೀವ, ಹೊಟ್ಟೆಗೊಂದು ಚೀಲ,
ಬಾಲದ ಬುಡದಲ್ಲಿ ಕೊಬ್ಬಿನ ಗಂಟು,
ಮೈ ಹೊಳೆಗಲ್ಲಿನಷ್ಟು ತಣ್ಣಗೆ.
ಅದು ಒಳಹೊಕ್ಕರೆ ಮನೆಯನ್ನೇ ಸುಡುತ್ತಿದ್ದ ಊರು ನಮ್ಮದು.
ದೊಮಿತಿಲಾ ಅತ್ತೆ ಎರಡು ಸಲ ಉಗುಳಿ ದೂರ ಸರಿದಳು.
ಅಪ್ಪ ಅಂಗೈಯಲ್ಲಿ ತೂಗಿ ನೋಡಿ
‘ಸತ್ತಿಲ್ಲ, ಸಾಲ ಕೊಟ್ಟು ಮಲಗಿದೆ’ ಅಂದ.
ಯಾರಿಗೆ ಅಂತ ಕೇಳಿದೆ.
ಗಲ್ಲ ಎತ್ತಿ ಮೇಲೆ ತೋರಿಸಿದ.

ಮೇಲೆ, ಮಾಕಿ ಮರದ ಕೊಂಬೆಗೆ ಬಂದಳಿಕೆ
ಆ ಕೊರೆಯುವ ಚಳಿಯಲ್ಲಿ ಕೆಂಪಗೆ ಹೂಬಿಟ್ಟಿತ್ತು.
ಆಗ ಇಡೀ ಕಾಡಿಗೆ ಬಾಗಿಲು ತೆರೆದ ಅಂಗಡಿ ಅದೊಂದೇ;
ಗಿರಾಕಿ, ಹೆಬ್ಬೆರಳುದ್ದದ ಝೇಂಕಾರದ ಹಕ್ಕಿ.
ಆ ಬಂದಳಿಕೆಯ ಬೀಜ ಮೊಳೆಯಬೇಕಾದರೆ
ಬೇಸಗೆಯಲ್ಲಿ ಮೊನಿತೊ ಹಣ್ಣು ನುಂಗಿ
ಕೊಂಬೆಯ ಮೇಲೆ ಹೇತಿರಬೇಕು.
ಹಕ್ಕಿ ಚಳಿ ದಾಟಿದರೆ
ವಸಂತದ ಹೂಗಳು ಕಾಯಿ ಕಟ್ಟುತ್ತವೆ.
ಬಡ್ಡಿಯಿಲ್ಲದ ಕೈಗಡ. ಚೀಟಿಯೂ ಇಲ್ಲ.

ಅಪ್ಪ ಉಂಡೆಯನ್ನು ಹಾಗೇ ಒಳಗಿಟ್ಟು
ಮೇಲೊಂದು ಒಳ್ಳೆಯ ಹಲಗೆ ಮುಚ್ಚಿದ.
ಆ ದಿಮ್ಮಿ ಅಕ್ಟೋಬರ್‌ವರೆಗೆ ನಮ್ಮದಾಗಲಿಲ್ಲ.
ಹಿಟ್ಟಿನ ದುಡ್ಡೆಲ್ಲಿ ಅಂತ ಅಮ್ಮ ವಾರವಿಡೀ ಜಗಳ.

ಈಗ ಹಳ್ಳದಾಚೆಗೆ ನೀಲಗಿರಿ.
ಒಂದೇ ವಯಸ್ಸು, ಒಂದೇ ಎತ್ತರ, ಸಾಲುಸಾಲು,
ಹನ್ನೆರಡು ತುಂಬಿದರೆ ಕಾಗದದ ಗಿರಣಿಗೆ.
ಆಳು ಮುಳುಗುವಷ್ಟು ಮಳೆ ಬೀಳುವ ಚಿಲಿಯ ಈ ಕರಾವಳಿಗೆ
ಫೆಬ್ರವರಿಯಲ್ಲಿ ನೀರು ಲಾರಿಯಲ್ಲಿ ಬರುತ್ತದೆ.
ದೊಮಿತಿಲಾ ಅತ್ತೆ ಬಕೆಟ್ ಹಿಡಿದು ನಿಲ್ಲುವವಳಲ್ಲ;
ಹಿತ್ತಲ ಒಲಿವಿಯ್ಯೊ ಮರದಡಿ ತಗಡಿನ ಲೋಟವಿಟ್ಟು
ಸಮುದ್ರದಿಂದ ಏರಿಬಂದ ಮಂಜನ್ನು
ಎಲೆಗಳ ಕೈಯಲ್ಲಿ ಹಿಂಡಿಸಿಕೊಳ್ಳುತ್ತಾಳೆ.
ಬೆಳಗಿಗೆ ಎರಡು ಬೆರಳು. ಚಹಾಕ್ಕೆ ಸಾಕಂತೆ.

ನಿನ್ನೆ ಆ ಸಾಲುಗಳ ನಡುವೆ ಹೋಗಿದ್ದೆ.
ಕಾಲಡಿ ತೊಗಟೆಯ ಸುರುಳಿ. ಬಿದಿರಿಲ್ಲ, ಪಾಚಿಯಿಲ್ಲ.
ಕಿವಿಗೊಟ್ಟೆ.
ಎಡಕ್ಕೆ ಏನೂ ಇಲ್ಲ.
ಬಲಕ್ಕೂ.
ಆದರೂ ಒಮ್ಮೆ ತಿರುಗಿ ನಿಂತೆ,
ಬೆನ್ನ ಮೇಲೆ ಹೊರೆಯಿಲ್ಲದೆ,
ಸ್ವಲ್ಪ ತೂರಾಡುತ್ತ.