ನಲವತ್ತೆರಡು ಫೂಟು

'ಯಾರು ಸತ್ತಾರ್ರೀ?'
ಎಮ್ಮೆ ಮೈ ತೊಳೆಯುತ್ತಿದ್ದ ಹೆಂಗಸು ಕೇಳಿದಳು.
ಶಹಾಬಾದದ ಈ ಹಳೇ ಖಣಿಗೆ
ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಬಂದವರು
ಹೆಣ ಎತ್ತುವುದಕ್ಕೇ ಬಂದವರು.
'ಯಾರೂ ಸತ್ತಿಲ್ಲವ್ವ, ಫೋಟೋ ತೆಗೀಲಾಕ ಬಂದೀವಿ.'
'ನೀರಾಗ ಯಾರದು ಮದಿವಿ?'

ನಗು ಬಂತು, ನಗಲಾಗಲಿಲ್ಲ,
ಹಲ್ಲಿನ ನಡುವೆ ಆಗಲೇ ರಬ್ಬರು.
ಹದಿನಾಲ್ಕು ವರ್ಷ ಮದುವೆಗಳದ್ದೇ ಕಸುಬು ನನ್ನದು,
ಉಜ್ವಲಾ ಡಿಜಿಟಲ್ ಸ್ಟುಡಿಯೋ, ಸ್ಟೇಷನ್ ರಸ್ತೆ.
ಅಕ್ಷತೆ ಗಾಳಿಯಲ್ಲಿ ನಿಲ್ಲುವ ಅರೆಕ್ಷಣಕ್ಕೆ
ಕುರ್ಚಿ ಮೇಲೆ ಹತ್ತಿ ಕಾದು ಸೊಂಟ ಹಿಡಿಸಿಕೊಂಡವಳು.
ಹೋದ ವರ್ಷ ಮುರ್ಡೇಶ್ವರಕ್ಕೆ ಹೋಗಿ
ಐದು ದಿನ ಕಡಲೊಳಗೆ ಉಸಿರಾಡುವುದು ಕಲಿತೆ;
ಡ್ರೋನು ಹಾರಿಸುವ ದಸ್ತಗೀರ ಜೊತೆಗೆ ಬಂದ,
ಮೇಲಿನದೆಲ್ಲ ನೋಡಿ ಆಯ್ತು ಅಂತ.
ಈ ಸಲ ಸಿಲಿಂಡರು ಎರಡು
ತೆಂಗಿನಕಾಯಿ ಲಾರಿಯಲ್ಲಿ ಬಂದವು.

ಮುಖಗಾಜಿಗೆ ಉಗುಳಿ, ತಿಕ್ಕಿ, ತೊಳೆದು,
ಮೂಗು ಹಿಡಿದು ಕಿವಿ ಬಿಡಿಸಿಕೊಳ್ಳುತ್ತ ಇಳಿದೆವು.
ಹತ್ತು ಫೂಟಿಗೆ ಬಿಸಿಲು ಹಸಿರಾಯಿತು.
ಇಪ್ಪತ್ತಕ್ಕೆ ದಸ್ತಗೀರನ ಕೆಂಪು ಕೈಗವಸು
ಸುಟ್ಟ ಬದನೆಕಾಯಿಯಾಯಿತು.
ಮೇಲೆ ಮೇ ತಿಂಗಳು, ನಲವತ್ತಮೂರು ಡಿಗ್ರಿ,
ಇಲ್ಲಿ ನನ್ನ ಹಲ್ಲು ಕಟಕಟ.

ಜಿಲೇಬಿ ಮೀನು ಬಂದವು
ಗಂಡಿನ ಕಡೆಯವರ ಹಾಗೆ,
ಲೈಟು ಇದ್ದಲ್ಲಿ ಗುಂಪುಗೂಡಿ, ಕರೆದಾಗ ಬೆನ್ನು ತಿರುಗಿಸಿ.
ಫ್ಲ್ಯಾಶು ಹೊಡೆದೆ.
ರಾಡಿಯ ಕಣಕಣ ಹೊತ್ತಿಕೊಂಡು
ಚಿತ್ರದ ತುಂಬ ಅಕ್ಷತೆ.

ಆಮೇಲೆ ಗೋಡೆ.
ಕಲ್ಲು ಹೊತ್ತವರು ಹತ್ತಿದ ಮೆಟ್ಟಿಲು, ಒಂದೊಂದೂ ಮೊಳದೆತ್ತರ.
ಬಂಡೆಯ ಮೈಮೇಲೆ ಸಾಲು ಸಾಲು ಸುಕ್ಕು.
ಕೈಯಿಟ್ಟೆ.
ಮುರ್ಡೇಶ್ವರದ ಮರಳಲ್ಲಿ ತೆರೆ ಬಿಟ್ಟು ಹೋಗಿದ್ದು ಇದೇ ಅಲ್ಲವೆ,
ಅಲ್ಲಿ ಬೆರಳು ತಾಗಿದರೆ ಅಳಿಯುತ್ತಿತ್ತು.

ಇಲ್ಲಿ ಒಂದು ಕಾಲಕ್ಕೆ ಕಡಲಿತ್ತು
ಅಂದಿದ್ದರು ಏಳನೇ ಇಯತ್ತೆಯ ಮೇಷ್ಟ್ರು.
ನಾವು ನಕ್ಕಿದ್ದೆವು,
ನಳದ ಮುಂದೆ ಕೊಡ ಸಾಲಿಗಿಟ್ಟು ಬಂದ ಮಕ್ಕಳು.
ಆ ಕಡಲ ತಳವನ್ನೇ ಎಬ್ಬಿಸಿ, ಚೌಕ ಕಡಿದು,
ವ್ಯಾಗನ್ನಿಗೆ ತುಂಬಿ ಊರೂರಿಗೆ ಕಳಿಸಿ
ಉಳಿದದ್ದು ನಮ್ಮ ಮನೆಗೆ ಹಾಸಿಕೊಂಡೆವು.
ಬೇಸಿಗೆ ಮಧ್ಯಾಹ್ನ ಚಾಪೆ ಸರಿಸಿ
ಬರಿ ಪರಸಿ ಮೇಲೆ ಉರುಳುತ್ತಿದ್ದ ಅಮ್ಮ
'ಹಾ ತಂಪು' ಅನ್ನುತ್ತಿದ್ದಳು,
ಯಾವ ಕಾಲದ ತಂಪೋ.

ದಸ್ತಗೀರ ಹೆಬ್ಬೆರಳು ಎತ್ತಿ ತೋರಿಸಿದ.
ಮಂಟಪದಲ್ಲಾದರೆ ಅದು 'ಫೋಟೋ ಚಲೋ ಬಂತು',
ಇಲ್ಲಿ 'ಗಾಳಿ ತೀರಿತು, ಮ್ಯಾಲ ನಡಿ'.

ಮನೆಗೆ ಬಂದು ಕ್ಯಾಮೆರಾ ಪೆಟ್ಟಿಗೆಯನ್ನು
ಸಿಹಿನೀರಿನ ಬಕೇಟಿನಲ್ಲಿ ಮುಳುಗಿಸಿಟ್ಟೆ,
ಉಪ್ಪು ಹೋಗಲೆಂದು ಕಡಲಲ್ಲಿ ಕಲಿಸಿದ ರೂಢಿ.
ಖಣಿಯ ನೀರಿಗೆಲ್ಲಿಯ ಉಪ್ಪು,
ನೆನಪಾದಾಗ ಅರ್ಧ ತಾಸಾಗಿತ್ತು.

ಲಾಡ್ಲೇಸಾಬ ಚಾಚಾ ಬಂದಿದ್ದ ಪಾಸ್‌ಪೋರ್ಟು ಸೈಜಿಗೆ,
ಪೆನ್ಷನ್ನಿನ ಕಾಗದಕ್ಕೆ.
ಪಂಪು ನಿಂತ ದಿನ ಖಣಿಯಿಂದ ಹತ್ತಿ ಬಂದವ.
ಮೊಬೈಲಿನಲ್ಲಿ ಕಾಣಲ್ಲ ಅಂದ,
ದೊಡ್ಡ ಪ್ರಿಂಟು ಹಾಕಿ ನೆಲದ ಮೇಲೆ ಹರಡಿದೆ.
ಕುಕ್ಕರಗಾಲಲ್ಲಿ ಕೂತ.
'ನೋಡು ಚಾಚಾ, ಕಡಲಿನ ತೆರೆ.'
'ತೆರಿ ಅಲ್ಲ ಬೇಟಿ, ನನ್ನ ಉಳಿ.
ಎಡಕ್ಕ ವಾಲ್ಯಾವಲ್ಲ, ನನ್ನ ಏಟು ಯಾವತ್ತೂ ಎಡಕ್ಕ.'
ನಾನು ವಾದ ಮಾಡಲಿಲ್ಲ.
ಅವನು ತೋರಿಸಿದ್ದು ಹೌದು, ಎಡಕ್ಕೇ ವಾಲಿತ್ತು.
ಅದರ ಕೆಳಗಿನವು ವಾಲಿರಲಿಲ್ಲ.

'ಎಷ್ಟು ಇಳದಿದ್ದಿ?'
'ನಲವತ್ತೆರಡು ಫೂಟು. ತಳ ಮುಟ್ಟಿ ಬಂದೆ.'
'ಅದು ರಾಡಿ. ತಳ ಅಲ್ಲ.'
ನಾಲ್ಕೇ ಬೆರಳಿನ ಬಲಗೈ
ಮೆಟ್ಟಿಲು ಇಳಿಯಿತು, ಮೀನು ದಾಟಿತು,
ಕತ್ತಲಿಗೆ ಹೋಯಿತು,
ಪ್ರಿಂಟಿನ ಬಿಳಿ ಅಂಚು ದಾಟಿ
ಸ್ಟುಡಿಯೋದ ಪರಸಿ ಮೇಲೆ ಒಂದು ಗೇಣು ಸರಿದು
ನಿಂತಿತು.

'ಇಲ್ಲಿ' ಅಂದ.