ಮೊದಲ ಸಲ ನೋಡುವವರಿಗೆ

ಮೊದಲು ಆ ಡಬ್ಬದ ಮೇಲಿನ ಚಿತ್ರ ಮರೆತುಬಿಡಿ.
ಅಂಥ ನೇರಳೆ ಸುಳಿ, ಅಂಥ ಗುಲಾಬಿ ಹೊಗೆ
ಕಾಮಾಕ್ಷಿಪಾಳ್ಯದ ಮೂರನೇ ಮಹಡಿಯವರೆಗೆ ಬರುವುದಿಲ್ಲ.
ಡಬ್ಬದಲ್ಲಿ ಈಗ ನನ್ನ ಹೆಂಡತಿ ಈರುಳ್ಳಿ ಇಟ್ಟಿದ್ದಾಳೆ.

ಇದು ನಾಲ್ಕೂವರೆ ಇಂಚಿನ ಕನ್ನಡಿ.
ಹಗಲೆಲ್ಲ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ನಾನು
ಹದಿನೈದು ತಿಂಗಳು ಚೀಟಿ ಕಟ್ಟಿ ತಂದದ್ದು.
ಕಾಲು ತಗುಲಿಸಬೇಡಿ. ಸಿಂಟೆಕ್ಸ್ ಟ್ಯಾಂಕಿಗೆ ಒರಗಿ,
ಒಂದು ಕಣ್ಣು ಮುಚ್ಚಿ,
ಇನ್ನೊಂದನ್ನು ಅದರ ಪಾಡಿಗೆ ಬಿಡಿ.

ಚಂದ್ರ ಮೋಸ ಮಾಡುವುದಿಲ್ಲ.
ಹುಣ್ಣಿಮೆಗೆ ಮಾತ್ರ ಬರಬೇಡಿ, ಅವತ್ತು ಅವನು ಬರೀ ಸುಣ್ಣದ ಗೋಡೆ.
ಅಷ್ಟಮಿಗೆ ಬನ್ನಿ. ಬೆಳಕು ಮುಗಿಯುವ ಅಂಚಿನಲ್ಲಿ
ಒಂದೊಂದು ಗುಳಿಯೂ ತನ್ನ ನೆರಳನ್ನು
ಬಟ್ಟಲು ತುಂಬ ಹಿಡಿದುಕೊಂಡಿರುತ್ತದೆ.
‘ತಲೆಕೆಳಗಾಗಿದ್ದಾನಲ್ಲಪ್ಪಾ’ ಎಂದರು ಮುನಿಯಲ್ಲಪ್ಪ.
ಹೌದು ಸಾರ್, ಈ ಕನ್ನಡಿಗೆ ಮೇಲು ಕೀಳು ಗೊತ್ತಿಲ್ಲ.
‘ಒಳ್ಳೇದೇ ಆಯ್ತು’ ಎಂದು ಮತ್ತೆ ಬಗ್ಗಿದರು.

ಗುರು ಅಂದರೆ ಹಿತಕಿದ ಅವರೆಬೇಳೆ.
ಅದೇ ಬಿಳುಪು, ಹಾಗೇ ಒಂಚೂರು ಚಪ್ಪಟೆ,
ಮೈಮೇಲೆ ಎರಡು ಗೆರೆ, ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ.
ಪಕ್ಕದಲ್ಲಿ ಸಾಲಾಗಿ ನಾಲ್ಕು ಚುಕ್ಕಿ.
ಇವತ್ತು ಮೂರೇ. ಇನ್ನೊಂದು ಅವನ ಹಿಂದೆ ಹೋಗಿದೆ,
ನಾಳೆ ಬಂದು ಕೇಳಿ.

ನೋಡುತ್ತ ನೋಡುತ್ತ ಖಾಲಿಯಾಯಿತೇ? ಯಾರೂ ಕದ್ದಿಲ್ಲ.
ಓಡಿಹೋದದ್ದು ಅವನಲ್ಲ; ಈ ಕಟ್ಟಡ, ಟ್ಯಾಂಕು,
ಒಣಹಾಕಿದ ಲಂಗ ಸಮೇತ ನಾವೇ ಮೂಡಣಕ್ಕೆ ಹೊರಳಿದೆವು.
ಈ ತಿರುಪು ಹಿಡಿದು ಮೆಲ್ಲಗೆ ಹಿಂದೆ ಹೋಗಬೇಕು,
ಅನ್ನದ ಬಟ್ಟಲು ಹಿಡಿದು ಕೂಸಿನ ಹಿಂದೆ ಹೋದಂತೆ.

ನಕ್ಷತ್ರ ಎಷ್ಟು ದೊಡ್ಡದು ಮಾಡಿದರೂ ಚುಕ್ಕಿಯೇ.
ಬೇಜಾರಾದರೆ ಕೃತ್ತಿಕೆ ನೋಡಿ:
ಬರಿಗಣ್ಣಿಗೆ ಆರು, ಇಲ್ಲಿ ಒಂದು ಹಿಡಿ ಕಲ್ಲುಸಕ್ಕರೆ.

ಮಹಾವ್ಯಾಧನ ಕತ್ತಿಯ ನಡುವೆ ಒಂದು ಮಬ್ಬಿದೆ.
ನೇರ ನೋಡಿದರೆ ಹೋಗಿಬಿಡುತ್ತದೆ.
ಅಡ್ವಾನ್ಸ್ ಕೇಳುವಾಗ ಯಜಮಾನರನ್ನು ನೋಡುತ್ತೇವಲ್ಲ,
ಹಾಗೆ, ಪಕ್ಕದ ಗೋಡೆ ನೋಡುತ್ತ ನೋಡಿ.
ಚಳಿಯಲ್ಲಿ ಗಾಜಿನ ಮೇಲೆ ಬಿಟ್ಟ ಉಸಿರು, ಅಷ್ಟೇ. ಬಣ್ಣವಿಲ್ಲ.
ಅಲ್ಲಿ ನಕ್ಷತ್ರಗಳು ಹುಟ್ಟುತ್ತಿವೆ ಎಂದೆ.
ಕೆಳಮನೆಯ ಆಫ್ರೀನ್ ಕೊಳವೆ ಬಿಟ್ಟು
ನನ್ನ ಮುಖ ನೋಡಿದಳು, ಸುಳ್ಳು ಹುಡುಕುವವಳಂತೆ.

ಆಂಡ್ರೊಮೆಡಾ ಕೇಳಬೇಡಿ.
ಕರೆಂಟು ಹೋದ ಒಂದು ರಾತ್ರಿ, ಹನ್ನೆರಡು ನಿಮಿಷ,
ಬೂದಿ ಒರೆಸಿದಂಥ ಕಲೆ ಕಂಡಿದ್ದೆ.
ಮನೆಮನೆಯ ಯುಪಿಎಸ್ ಒಂದೊಂದಾಗಿ ಎಚ್ಚರಾದವು. ಹೋಯಿತು.

ಶನಿಯನ್ನು ಮಾತ್ರ ಪುಟ್ಟಚನ್ನಮ್ಮ ನೋಡಲೊಲ್ಲರು.
‘ಅವನ ಕಣ್ಣು ನನ್ನ ಮೇಲೆ ಬೀಳದಿರಲಿ ಅಂತ
ವಾರವಾರ ಎಳ್ಳೆಣ್ಣೆ ಹಚ್ಚುತ್ತೀನಿ,
ನಾನೇ ಹೋಗಿ ಕಣ್ಣು ಹಾಕಲಾ?’
ಹೋದ ಗಂಡ, ಮುಚ್ಚಿದ ಇಸ್ತ್ರಿ ಅಂಗಡಿ, ಬಲ ಮೊಣಕಾಲು
ಎಲ್ಲ ಅವನ ಲೆಕ್ಕಕ್ಕೇ ಬರೆದಿಟ್ಟವರು.
ಒತ್ತಾಯ ಮಾಡಲಿಲ್ಲ ನಾನು.

ಒಂದು ಮುಸ್ಸಂಜೆ, ಯಾರೂ ಮೇಲೆ ಬರುವ ಮುಂಚೆ,
ಬಟ್ಟೆ ತೆಗೆಯಲು ಬಂದವರು
ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡೇ ಬಗ್ಗಿದರು.
ಪಡುವಣಕ್ಕೆ ಇಳಿಯುತ್ತಿದ್ದ ಅವನು:
ಒಂದು ಎಳ್ಳುಕಾಳು,
ಕಾಳಿನ ಸುತ್ತ ಕೂದಲೆಳೆಯ ಬಳೆ.
ಅಷ್ಟರಲ್ಲಿ ಮಾಗಡಿ ರಸ್ತೆಯಲ್ಲಿ ಲಾರಿ ಹೋಯಿತು.
ತಾರಸಿ ನಡುಗಿತು. ಶನಿ ನಡುಗಿದ.

ಬಹಳ ಹೊತ್ತು ಮಾತಿಲ್ಲ.
ಅಂಗಡಿಯ ಅಭ್ಯಾಸ, ತಿರುಪು ತಿರುಗಿಸಿ ಕೇಳಿದೆ:
ಹೀಗೆ ಚೆನ್ನಾಗಿ ಕಾಣುತ್ತಾ, ಹೀಗಾ?
ಕ್ಲಿಪ್ಪು ತೆಗೆದು, ‘ಇಷ್ಟೇನಾ ಇವನು’ ಎಂದರು.
ಆಮೇಲೆ, ‘ಬಳೆ ಯಾರು ತೊಡಿಸಿದರೋ.’

ಆ ಶನಿವಾರವೂ ದೀಪ ತಪ್ಪಲಿಲ್ಲ.
ಎಣ್ಣೆ ಸ್ವಲ್ಪ ಕಮ್ಮಿ ಹಾಕಿದೆ ಎಂದು ಮಾತ್ರ
ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದರು.